ನಡೆದು ಬಂದ ನೀರು

ಆ ದಿನ ಬೆಳಿಗ್ಗೆ ಬೀದರಿನ ಮೇಲೆ ಮಂಜು ಇಳಿದಿತ್ತು. ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬ, ಈಚೆಗಷ್ಟೇ ಕಳೆದಿತ್ತು. ಕೆಂಪು ಕಲ್ಲಿನ ದಿಬ್ಬದ ಮೇಲಿನ ಆ ಊರನ್ನು ಯಾರೋ ಕೆಳಗಿನ ತೊಗರಿ ಹೊಲಗಳಿಂದ ಮೆಲ್ಲಗೆ ಬಿಡಿಸಿ, ಹತ್ತಿಯೊಳಗೆ ಇಟ್ಟಂತಿತ್ತು. ಭಾಲ್ಕಿಯ ಕಡೆಯಿಂದ ಬಂದ ರೈಲು ಮೊದಲು ಸದ್ದಾಗಿ, ಆಮೇಲೆ ಬೆಳಕಾಗಿ, ಕೊನೆಗೆ ರೈಲಾಗಿ ಬಂದು ನಿಂತಿತು. ಅದರಿಂದ ಇಳಿದ ಇಬ್ಬರು ಹೆಂಗಸರು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಊರೊಳಗಿನ ಮೈಲೂರಿಗೆ ಆಟೋ ಹಿಡಿದರು.

ಒಬ್ಬಳು ಗುಂಡಮ್ಮ. ಅರವತ್ತರ ಅಂಚಿನ ಹೆಂಗಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ಹೋದ ಮೇಲೆ ಭಾಲ್ಕಿಯ ಒಂದು ಮಠದ ದಾಸೋಹದಲ್ಲಿ ವರ್ಷಗಟ್ಟಲೆ ಬಡಿಸಿದವಳು. ಈಗ ಅದೇ ಊರಿನ ಆಸರೆ ಮನೆಯಲ್ಲಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳು ಅವಳ ಜೊತೆ ಕೆಲಸ ಮಾಡುವ ಖತೀಜಾ ಬೇಗಂ, ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ದೊಡ್ಡವಳು.

"ಗುಂಡಮ್ಮಕ್ಕ, ತುಟಿ ಯಾಕ ಅಲ್ಲಾಡಸ್ಲತ್ತೀರಿ? ಮಂತ್ರ ಏನ್ರಿ?"

"ಮಂತ್ರ ಅಲ್ಲವ್ವಾ, ಪಾಠ. ಮೊದಲ ಕೈ ತೊಳಿ, ಆಮ್ಯಾಲ ತಲಿಗಡಿ ಎತ್ತು, ಆಮ್ಯಾಲ ಮೂಗಿನ ಹತ್ರದ ಗುರುತು ನೋಡು..."

"ನಿಮಗೇನ್ರಿ, ಶಿವ ಬಾಜೂಕ ಕುಂತು ಹೇಳಿಕೊಡ್ತಾನ. ನನಗ ಅಲ್ಲಾ ಅಂತಾನ, ಮೊದಲ ನೀ ಓದು ಬೇಟಿ, ಆಮ್ಯಾಲ ದುವಾ ಕೇಳು."

ಗುಂಡಮ್ಮ ನಕ್ಕಳು. ಆದರೆ ನಗೆ ತುಟಿಯಿಂದ ಕೆಳಗೆ ಇಳಿಯಲಿಲ್ಲ. ಇವತ್ತು ತರಬೇತಿ ಕೊಡುವ ನರ್ಸು ಸಿಸ್ಟರ್ ಒಪ್ಪದಿದ್ದರೆ ಶಾಲುಬಾಯಿಯ ಹಾಸಿಗೆ ಅವಳ ಕೈ ತಪ್ಪುತ್ತಿತ್ತು.

ಶಾಲುಬಾಯಿ ಔರಾದ ತಾಲೂಕಿನ ಎಕಂಬಾದವಳು. ಲಕ್ವಾ ಹೊಡೆದು ಎಡಗೈ, ಎಡಗಾಲು ಮಲಗಿದ್ದವು, ಮಾತು ಮುರಿದಿತ್ತು, ಗಂಟಲು ನುಂಗುವುದನ್ನು ಮರೆತಿತ್ತು. ಗಂಟಲು ಮತ್ತೆ ಕಲಿಯುವ ತನಕ ಇರಲೆಂದು ಡಾಕ್ಟರು ಮೂಗಿನಿಂದ ಹೊಟ್ಟೆಗೆ ತೆಳುವಾದ ಮೆತ್ತನೆಯ ನಳಿಗೆಯನ್ನು ಇಳಿಸಿದ್ದರು. ಸೋಸಿದ ಗಂಜಿ, ಹಾಲು, ನೀರು ಎಲ್ಲ ಆ ನಳಿಗೆಯ ದಾರಿ. ಮಗ ಮಾಣಿಕ ಔರಾದಿನಲ್ಲಿ ಸಾಲಿ ಮಾಸ್ತರ; ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹೀಗಾಗಿ ತಾಯಿಯನ್ನು ಭಾಲ್ಕಿಯ ಆಸರೆ ಮನೆಗೆ ತಂದು ಬಿಟ್ಟು, ರಜೆ ಸಿಕ್ಕಾಗಲೆಲ್ಲ ಬಂದು ಕಾಲ ಬಳಿ ಕೂರುತ್ತಿದ್ದ.

ಗುಂಡಮ್ಮನ ಸರದಿಯಲ್ಲಿ ಎರಡು ಸಲ ಶಾಲುಬಾಯಿಗೆ ಗಂಜಿ ವಾಂತಿಯಾಗಿ ಬಾಯಿಗೆ ಬಂದಿತ್ತು. ಎರಡನೆಯ ಸಲ ಕೆಮ್ಮು ನಿಲ್ಲದೆ ಮುಖ ನೀಲಿಗಟ್ಟಿತ್ತು. ಅದು ಪುಪ್ಪಸಕ್ಕೆ ಇಳಿದರೆ ಮುದುಕಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಾಣಿಕ ಜಗಳ ಮಾಡಲಿಲ್ಲ. "ಇನ್ನೊಮ್ಮಿ ಹಿಂಗಾತಂದ್ರ ನಾ ಅವ್ವಗ ಔರಾದ ದವಾಖಾನಿಗಿ ಒಯ್ತೇನ್ರಿ," ಎಂದಷ್ಟೇ ಹೇಳಿ ತಾಯಿಯ ಬಾಯಿ ಒರೆಸಿದ. ಆಸರೆ ಮನೆಯ ಹಿರಿಯರು ಬೀದರಿನ ತರಬೇತಿಗೆ ಎಲ್ಲರ ಹೆಸರು ಬರೆಸಿದರು. ಸಿಸ್ಟರ್ ಒಪ್ಪಿದವರು ಮಾತ್ರ ನಳಿಗೆ ಮುಟ್ಟಬೇಕು. ಉಳಿದವರಿಗೆ ಅಡುಗೆ ಮನೆ.

ಅಡುಗೆ ಮನೆಯೇನು ಗುಂಡಮ್ಮನಿಗೆ ಹೊಸದಲ್ಲ. ಆದರೆ ಶಾಲುಬಾಯಿ ತನಗೆ ಯಾರೆಂದು ಅವಳು ಯಾರಿಗೂ ಹೇಳಿರಲಿಲ್ಲ. ಗದ್ದದ ಮೇಲಿನ ಹಸಿರು ಹಚ್ಚೆಯ ಚುಕ್ಕೆಗಳನ್ನು ಕಂಡ ದಿನವೇ ಗುರುತು ಸಿಕ್ಕಿತ್ತು. ತವರು ಎಕಂಬಾ, ಮನೆಯ ಹಿತ್ತಲು, ದನದ ಕೊಟ್ಟಿಗೆ ಬಳಿಯಲು ಬರುತ್ತಿದ್ದ ಶಾಲಕ್ಕ. ಶಾಲಕ್ಕ ಹೇಳಿ ಅರ್ಧಕ್ಕೆ ಬಿಟ್ಟ ಒಂದು ಕಥೆ. ಅವಳಿಗೆ ತನ್ನ ಗುರುತು ಸಿಕ್ಕಿದೆಯೋ ಇಲ್ಲವೋ ತಿಳಿಯದು. ಕಣ್ಣು ಮಾತ್ರ ಗುಂಡಮ್ಮನ ಹಿಂದೆಯೇ ಕೋಣೆಯ ತುಂಬ ನಡೆಯುತ್ತಿತ್ತು.

*

ಮೈಲೂರಿನ ತರಬೇತಿ ಕೋಣೆ ಒಂದು ಅಂಗಡಿಯ ಮೇಲಿನ ಮಾಳಿಗೆ. ಕಿಟಕಿಯಾಚೆ ಮಂಜು, ಒಳಗೆ ಮಂಚದ ಮೇಲೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ ಪ್ಲಾಸ್ಟಿಕ್ ಗೊಂಬೆ. ಕಲಿಸುವವಳು ಆಮ್ರಪಾಲಿ, ಔರಾದಿನ ನರ್ಸು, ಮೆಲುದನಿಯವಳು. ಅವಳ ಮೇಜಿನ ಮೇಲೆ ಕಣ್ಣು ಮುಚ್ಚಿದ ಪುಟ್ಟ ಬುದ್ಧನಿದ್ದ. ಕೋಣೆಯಲ್ಲಿ ಎಷ್ಟೇ ಗದ್ದಲವಾದರೂ ಅವನೊಬ್ಬ ಕಣ್ಣು ತೆರೆಯಲಿಲ್ಲ.

"ಈ ಮನಷ್ಯಾ ಭಾಳ ಷರೀಫ ಇದ್ದಾನ ನೋಡ್ರಿ," ಎಂದಳು ಖತೀಜಾ, ಗೊಂಬೆಯ ತಲೆದಿಂಬು ಎತ್ತರಿಸುತ್ತ. "ಉಪ್ಪಿಲ್ಲ ಅನ್ನಂಗಿಲ್ಲ, ಖಾರ ಇಲ್ಲ ಅನ್ನಂಗಿಲ್ಲ. ಇಂಥವ ನನಗ ಗಂಡ ಆಗಿ ಸಿಗಬೇಕಿತ್ತು."

"ನಿಮ್ಮ ಗಂಡಗ ಹೇಳ್ಲೇನ್ರಿ?" ಎಂದಳು ಆಮ್ರಪಾಲಿ.

"ಹೇಳ್ರಿ ಸಿಸ್ಟರ್. ಒಂದ ದಿನಾ ಸುಮ್ಮ ಇರ್ತಾನ."

ಆಮ್ರಪಾಲಿ ನಕ್ಕು ಪಾಠಕ್ಕೆ ಬಂದಳು. ಬಾಯಿಂದ ಉಣ್ಣುವವನಿಗೆ ಗಂಟಲು ಕಾವಲಿರುತ್ತದೆ, ಬೇಡವಾದದ್ದನ್ನು ಅದು ತಡೆಯುತ್ತದೆ. ನಳಿಗೆಯಿಂದ ಉಣ್ಣುವವನಿಗೆ ನಿಮ್ಮ ಕೈಯೇ ಕಾವಲು ಎಂದಳು. ನಳಿಗೆಯ ಮೇಲಿನ ಗುರುತು ಮೂಗಿನಂಚಿನಲ್ಲಿಯೇ ಇದೆಯೇ, ಸರಿದಿದೆಯೇ ಎಂದು ಪ್ರತಿ ಸಲ ನೋಡಬೇಕು. ಸರಿದಿದ್ದರೆ ಒಂದು ಹನಿಯನ್ನೂ ಬಿಡದೆ ನರ್ಸನ್ನು ಕರೆಯಬೇಕು. ಸಿರಿಂಜಿನಿಂದ ಮೆಲ್ಲಗೆ ಎಳೆದು, ಹೊಟ್ಟೆಯ ರಸ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಮೊದಲು ಸ್ವಲ್ಪ ನೀರು, ಆಮೇಲೆ ಉಣಿಸು, ಕೊನೆಗೆ ಮತ್ತೆ ನೀರು. ಉಂಡ ಮೇಲೆ ತಕ್ಷಣ ಮಲಗಿಸಬಾರದು. ಬಾಯಿಂದ ಉಣ್ಣದಿದ್ದರೂ ಬಾಯಿಯನ್ನು ಮರೆಯಬಾರದು. ಒದ್ದೆ ಬಟ್ಟೆಯಿಂದ ನಾಲಿಗೆ, ತುಟಿ ಒರೆಸಬೇಕು.

"ಸಿಸ್ಟರ್, ಒಂದ ಚಿಟಿಕಿ ವಿಭೂತಿ ನೀರಾಗ ಕಲಸಿ ಬಿಡಬೌದೇನ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಹಣಿಗಿ ಹಚ್ರಿ. ನಳಿಗಿಗಿ ಬ್ಯಾಡ್ರಿ, ಕಟ್ಕೋತದ."

ಗುಂಡಮ್ಮನ ಸರದಿ ಬಂತು. ಕೈ ತೊಳೆದಳು, ತಲೆಗಡೆ ಎತ್ತಿದಳು, ಗುರುತು ನೋಡಿದಳು. ಒಂದೂ ತಪ್ಪಿಲ್ಲ. ಸಿರಿಂಜಿನ ಒತ್ತುವ ದಂಟು ತೆಗೆದು, ಬರಿಯ ಕೊಳವೆಯನ್ನು ನಳಿಗೆಗೆ ಸಿಕ್ಕಿಸಿ, ಪುಟ್ಟ ತಂಬಿಗೆಯಂಥ ಚರಗಿಯಿಂದ ನೀರು ಬಗ್ಗಿಸಿದಳು. ಬಗ್ಗಿಸುತ್ತಿದ್ದಂತೆ ಕೊಳವೆ ಹಿಡಿದ ಕೈ ಮೇಲೇರತೊಡಗಿತು. ಎದೆ ದಾಟಿತು, ಹೆಗಲು ದಾಟಿತು, ಕಿವಿಯ ಸಮಕ್ಕೆ ಹೋಗಿ ನಿಂತಿತು. ಅದರ ಮೇಲೆ ಚರಗಿ ಹಿಡಿದ ಕೈ ಇನ್ನೂ ಎತ್ತರ. ನೀರು ಸರ್ರನೆ ಜಾರಿ ಗೊಂಬೆಯ ಹೊಟ್ಟೆಯೊಳಗಿನ ಸೀಸೆಯಲ್ಲಿ ಗುಳುಗುಳು ಎಂದಿತು.

"ಕೈ ಕೆಳಗ್ರಿ, ಗುಂಡಮ್ಮನೋರ."

ಅವಳು ಇಳಿಸಿದಳು. ಮತ್ತೆ ಬಗ್ಗಿಸಿದಳು. ಕೈ ಮತ್ತೆ ಏರಿತು, ನಿದ್ದೆಯಲ್ಲಿ ನಡೆಯುವವರ ಹಾಗೆ, ತನ್ನ ಪಾಡಿಗೆ ತಾನು.

"ದಾಸೋಹದ ಕೈ ರೀ ಇದು," ಎಂದಳು ಖತೀಜಾ. "ನಿಂತು, ಕುಂತವರ ಎಲಿಗಿ ಸಾರು ಬಿಟ್ಟ ಕೈ."

"ಹೌದ್ರಿ," ಎಂದಳು ಗುಂಡಮ್ಮ ನಾಚಿ. "ನನಗ ಗೊತ್ತಾಗಂಗಿಲ್ರಿ ಸಿಸ್ಟರ್. ತಾನಽ ಏರ್ತದ."

"ಎತ್ತರದಿಂದ ಬಿಟ್ರ ಜೋರಲೆ ಹೋಗ್ತದ, ಹೊಟ್ಟಿ ತಡಿಯಂಗಿಲ್ಲ, ವಾಪಸ್ ಬರ್ತದ. ನಿಮ್ಮ ಅಜ್ಜಿಗಿ ಆಗಿದ್ದು ಇದಽ ಇರಬೇಕು." ಆಮ್ರಪಾಲಿ ಕಿಟಕಿಯ ಕಡೆ ತಿರುಗಿದಳು. "ಈ ಊರ ತಳಗ ಸುರಂಗ ಬಾವಿ ಅವ, ಕೇಳಿರೇನು? ಹಿಂದಿನವರು ಕಲ್ಲು ಕಡದು ನೆಲದೊಳಗ ನೀರಿಗಿ ಕಾಲವಿ ಮಾಡ್ಯಾರ. ಅಲ್ಲಿ ನೀರು ಬೀಳಂಗಿಲ್ಲ. ಜರಾ ಜರಾ ಇಳಜಾರ, ಅಷ್ಟ. ನೀರು ನಡಕೋತ ಬರ್ತದ. ನಾವೂ ಹಂಗಽ ನಡಸಬೇಕು."

ಗುಂಡಮ್ಮ ಚರಗಿಯನ್ನು ಮೇಜಿನ ಮೇಲಿಟ್ಟಳು. ನಡೆದು ಬರುವ ನೀರಿನ ಮಾತನ್ನು ಅವಳು ಮೊದಲೊಮ್ಮೆ ಕೇಳಿದ್ದಳು.

ಸಂಜೆ ಆಮ್ರಪಾಲಿ ಖತೀಜಾಳನ್ನು ಒಪ್ಪಿದಳು. ಗುಂಡಮ್ಮನ ಬಳಿ ಬಂದು, "ಮುಂದಿನ ವಾರ ಔರಾದಕ್ಕ ಹೋಗೂ ಮುಂದ ಭಾಲ್ಕಿಗಿ ಬರ್ತೇನಿ. ಅಜ್ಜಿ ಮುಂದಽ ನೋಡ್ತೇನಿ. ಅಲ್ಲೀತನಕ ಬಾಯಿ ಒರಸ್ರಿ, ತಲಿ ಬಾಚ್ರಿ. ನಳಿಗಿ ಮಾತ್ರ ಮುಟ್ಟಬ್ಯಾಡ್ರಿ," ಎಂದಳು.

"ಆಗಲಾರದ ಇದ್ರರಿ?"

"ಆಗಲಾರದ ಇದ್ರ ಆಗಂಗಿಲ್ಲ ಅಂತ ಹೇಳ್ತೇನ್ರಿ. ನನಗ ನಿಮ್ಮಕಿಂತ ಆ ಅಜ್ಜಿ ದೊಡ್ಡಾಕಿ."

ಗುಂಡಮ್ಮನನ್ನು ಆ ಮಾತು ನೋಯಿಸಲಿಲ್ಲ. ತನ್ನ ಮಾತನ್ನೇ ಇನ್ನೊಬ್ಬರ ಬಾಯಿಂದ ಕೇಳಿದಂತಾಯಿತು.

*

ಮರಳುವ ರೈಲಿನಲ್ಲಿ ಖತೀಜಾ ಶೇಂಗಾ ಸುಲಿಯುತ್ತಿದ್ದಳು. ಇಳಿಬಿಸಿಲು ಕಬ್ಬಿನ ಗದ್ದೆಗಳ ಮೇಲೆ ಹಾಸಿತ್ತು. ಗುಂಡಮ್ಮನ ಕಣ್ಣು ಎಳೆಯಿತು. ಗಾಲಿಯ ಸದ್ದು ಬೀಸುವ ಕಲ್ಲಿನ ಸದ್ದಾಯಿತು. ಬೀಸುವ ಕಲ್ಲಿನ ಆಚೆ ಹಿತ್ತಲ ಬಾಗಿಲು ತೆರೆಯಿತು.

ಎಕಂಬಾದ ಹಿತ್ತಲು. ಮಧ್ಯಾಹ್ನ. ಬಾವಿಕಟ್ಟೆಯ ಮೇಲೆ ಪುಟ್ಟ ಗುಂಡಿ ನಿಂತಿದ್ದಾಳೆ, ಕೈಯಲ್ಲಿ ಹಿತ್ತಾಳೆ ಚರಗಿ. ಕೆಳಗೆ ಶಾಲಕ್ಕ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಎರಡೂ ಅಂಗೈ ಸೇರಿಸಿ ಬೊಗಸೆ ಮಾಡಿ ಗದ್ದಕ್ಕೆ ಹಚ್ಚಿದ್ದಾಳೆ. ಒಳಗಿನಿಂದ ತಾಯಿಯ ದನಿ ಬರುತ್ತದೆ: ಮ್ಯಾಲಿಂದ ಹಾಕ, ಸಿಡಸ್ಕೊಬ್ಯಾಡ. ಮನೆಯೊಳಗೆ ಬಸವಣ್ಣನ ಪಟಕ್ಕೆ ದಿನವೂ ಹೂವು. ಹಿತ್ತಲಿನ ರೂಢಿ ಮಾತ್ರ ಬೇರೆ. ಗುಂಡಿ ಆದಷ್ಟು ಎತ್ತರಕ್ಕೆ ಕೈ ಎತ್ತುತ್ತಾಳೆ. ನೀರು ಬಿಸಿಲಿನಲ್ಲಿ ಉದ್ದನೆಯ ದಾರವಾಗಿ ಇಳಿಯುತ್ತದೆ. ಕುಡಿದು ಗಲ್ಲ ಒರೆಸಿಕೊಂಡು ಶಾಲಕ್ಕ ಕಥೆ ಹೇಳುತ್ತಾಳೆ.

"ಒಬ್ಬಾಕಿ ಹುಡುಗಿ ಇದ್ದಳಂತ. ಆಕಿಗಿ ಬಾಯಾರಿಕಿ ಅಂದ್ರ ಬಾಯಾರಿಕಿ. ಮೋಡಕ್ಕ ಕೇಳಿದಳು, ನೀರು ಕೊಡು. ಮೋಡ ಅಂತು, ನಾ ಭಾಳ ಮ್ಯಾಲ ಇದ್ದೇನಿ, ಕೊಟ್ಟರ ನಿನ್ನ ಬೊಗಸಿಗಿ ಬರಂಗಿಲ್ಲ, ಚೆದರಿ ಹೋಗ್ತದ. ಗುಡ್ಡಕ್ಕ ಕೇಳಿದಳು. ಗುಡ್ಡ ಮಾತಽ ಆಡಲಿಲ್ಲ. ಗುಡ್ಡದ ಕಾಲಾಗ ಒಂದು ತೂತು ಇತ್ತು. ಒಳಗ ಹೋದಳು. ಕತ್ತಲಾಗ ನೀರು ನಡೀಲತ್ತಿತ್ತು. ನೀ ಬೀಳಂಗಿಲ್ಲೇನ ನೀರವ್ವ ಅಂದಳು. ಇಲ್ಲ ಮಗಳ, ನಾ ನಡೀತೇನಿ, ನನ್ನ ಜೋಡಿ ನಡಿ ಅಂತು. ಇಬ್ಬರೂ ನಡದರು. ಮ್ಯಾಲ ಊರು. ಮಂದಿ ತಿರುಗಾಡೂದು ಕೇಳ್ತದ, ಬೀಸೂ ಕಲ್ಲು ಕೇಳ್ತದ, ಕೂಸು ಅಳೂದು ಕೇಳ್ತದ. ನಡಕೋತ ನಡಕೋತ ಮುಂದ ಬೆಳಕು ಕಾಣಸ್ತು. ಸುರಂಗದ ಬಾಯಿಗಿ ಯಾರೋ ಕುಂತಿದ್ದರು."

"ಯಾರು?" ಎನ್ನುತ್ತಾಳೆ ಗುಂಡಿ.

"ಚರಗಿ ನನ್ನ ಕೈಯಾಗ ಕೊಡು, ಹೇಳ್ತೇನಿ."

ಗುಂಡಿ ಬಾಗಿಲ ಕಡೆ ನೋಡುತ್ತಾಳೆ. ಬಾಗಿಲಲ್ಲಿ ತಾಯಿಯ ಸೆರಗು ಕಾಣುತ್ತದೆ.

"ನಾಳಿ ಕೊಡ್ತೇನಿ," ಎನ್ನುತ್ತಾಳೆ.

"ನಾಳಿ ಹೇಳ್ತೇನಿ," ಎಂದು ಶಾಲಕ್ಕ ನಗುತ್ತ ಬುಟ್ಟಿ ಎತ್ತಿಕೊಳ್ಳುತ್ತಾಳೆ.

"ಭಾಲ್ಕಿ ಬಂತ್ರಿ ಅಕ್ಕಾ," ಎಂದು ಖತೀಜಾ ತೋಳು ಅಲುಗಿಸಿದಳು. ಆ ನಾಳೆ ಬಂದಿರಲಿಲ್ಲ. ಬೇಸಿಗೆ ಬಂತು, ಮದುವೆ ಬಂತು, ಗುಂಡಿ ಭಾಲ್ಕಿಯ ಗುಂಡಮ್ಮನಾದಳು. ಆಮೇಲೆ ಮೊಮ್ಮಕ್ಕಳಿಗೂ ಆ ಕಥೆ ಹೇಳುತ್ತ, ಕೊನೆಗೆ ಬಂದಾಗ, ಮಲಗ್ರಿ ಈಗ, ಎಂದುಬಿಡುತ್ತಿದ್ದಳು.

*

ಆ ವಾರವೆಲ್ಲ ಅವಳು ಕೈಯನ್ನು ಪಳಗಿಸಲು ನೋಡಿದಳು. ಆಸರೆ ಮನೆಯ ಹಿಂಬದಿಯಲ್ಲಿ ಬಕೆಟ್ಟಿನ ಮುಂದೆ ಕೂತು, ಸೆರಗಿನ ಅಂಚಿನಿಂದ ಮುಂಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರು ಬಿಡುವುದನ್ನು ಖತೀಜಾ ಕಂಡಳು.

"ಯಾ ಅಲ್ಲಾ! ಎಮ್ಮಿಗಿ ಕಟ್ಟಿದಂಗ ಕಟ್ಕೊಂಡೀರಲ್ರಿ. ಹಗ್ಗ ತರ್ಲೇನು?"

"ತಾ. ನಿನ್ನ ಬಾಯಿಗೂ ಒಂದಿಷ್ಟು ಉಳೀತದ."

ಕಟ್ಟಿದಾಗ ಕೈ ನಿಂತಿತು, ಬಿಚ್ಚಿದರೆ ಏರಿತು. ಬೆಳಿಗ್ಗೆ ಮಿಂದು, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಕೂತಾಗ ಮಾತ್ರ ಆ ಕೈಗೆ ಯಾವ ಹಟವೂ ಇರಲಿಲ್ಲ. ಎದೆಯ ಮುಂದೆ, ಉಸಿರು ತಾಗುವಷ್ಟು ಹತ್ತಿರ, ದೀಪದ ಹಾಗೆ ನಿಲ್ಲುತ್ತಿತ್ತು. ಶಿವನೇ, ನಿನ್ನ ಮುಂದೆ ನಿಲ್ಲುವ ಕೈ ಅಲ್ಲಿ ಯಾಕೆ ನಿಲ್ಲುವುದಿಲ್ಲ ಎಂದು ಅವಳು ಕೇಳಿಕೊಂಡಳು. ಶಿವ ಉತ್ತರ ಹೇಳುವ ಆತುರದಲ್ಲಿರಲಿಲ್ಲ.

ಶಾಲುಬಾಯಿಯ ತುಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಗುಂಡಮ್ಮ ಮೆಲ್ಲಗೆ, "ಅಕ್ಕಾ, ನಾ ಯಾರಂತ ಗೊತ್ತದನ?" ಎಂದು ಕೇಳಿದಳು. ಶಾಲುಬಾಯಿ ಅವಳ ಮುಖವನ್ನು ನೋಡಿದಳು, ಆಮೇಲೆ ಕೈಯನ್ನು ನೋಡಿದಳು.

ಹೇಳಿದಂತೆ ಆಮ್ರಪಾಲಿ ಬಂದಳು. ಮಾಣಿಕ ಅರ್ಧ ದಿನ ರಜೆ ಹಾಕಿ ಬಂದು ಕಾಲ ಬಳಿ ಕೂತಿದ್ದ. ತಾಯಿಯ ಬಟ್ಟೆಯ ಗಂಟು ಅವನ ಪಕ್ಕದಲ್ಲಿತ್ತು. ಇವತ್ತು ತಪ್ಪಿದರೆ ಕರೆದುಕೊಂಡೇ ಹೋಗುವುದು ಅವನ ಮನಸ್ಸು. ಕಿಟಕಿಯಿಂದ ಎಳೆಬಿಸಿಲು ಬಂದು ಹಾಸಿಗೆಯ ಅರ್ಧದ ತನಕ ಹರಿದಿತ್ತು.

ಗುಂಡಮ್ಮ ಕೈ ತೊಳೆದಳು. ಶಾಲುಬಾಯಿಯ ಬೆನ್ನಿಗೆ ದಿಂಬು ಕೊಟ್ಟು ತಲೆಗಡೆ ಎತ್ತರಿಸಿದಳು. ಗುರುತು ಮೂಗಿನಂಚಿನಲ್ಲಿಯೇ ಇತ್ತು. ಮೆಲ್ಲಗೆ ಎಳೆದು ನೋಡಿದಳು. ಹೊಟ್ಟೆಯ ರಸ ಬಂತು. ಆಮ್ರಪಾಲಿ ತಲೆಯಾಡಿಸಿದಳು. ಗುಂಡಮ್ಮ ದಂಟಿಲ್ಲದ ಸಿರಿಂಜನ್ನು ನಳಿಗೆಗೆ ಸಿಕ್ಕಿಸಿ, ನಳಿಗೆಯನ್ನು ಬೆರಳಲ್ಲಿ ಮಡಚಿ ಹಿಡಿದು, ಚರಗಿ ಎತ್ತಿಕೊಂಡಳು.

ಎರಡು ಕೈಗಳೂ ಏರಿದವು. ಅವಳಿಗೆ ತಿಳಿಯಲಿಲ್ಲ. ಖತೀಜಾ ಕಣ್ಣು ಮುಚ್ಚಿಕೊಂಡಳು.

ಆಗ ಶಾಲುಬಾಯಿಯ ಬಲಗೈ ಹಾಸಿಗೆಯಿಂದ ಎದ್ದಿತು. ನಡುಗುತ್ತ ಮೇಲೆ ಬಂತು. ಬೆರಳುಗಳು ಒಂದಕ್ಕೊಂದು ಕೂಡಿ, ಅಂಗೈ ದೊನ್ನೆಯ ಹಾಗೆ ಬಾಗಿ, ಗದ್ದದ ಹಸಿರು ಚುಕ್ಕೆಗಳಿಗೆ ಬಂದು ತಾಗಿತು. ಸತ್ತಂತಿದ್ದ ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ಒಮ್ಮೆ ಅಲುಗಿದವು, ಜೊತೆಗೂಡಲು ಬಂದಂತೆ. ತಲೆ ತುಸು ಹಿಂದಕ್ಕೆ ವಾಲಿತು. ಕಣ್ಣು ಮೇಲೆ, ಚರಗಿಯ ಕಡೆ.

"ಅವ್ವಾ, ಏನ ಬೇಕು? ಏನ ಆಗ್ಲತ್ತದ?" ಎಂದ ಮಾಣಿಕ, ಗಾಬರಿಯಿಂದ. ಬಿಸಲೇರಿಯ ಬಾಟಲಿ ಹಿಡಿದು ಬೆಳೆದ ಕಾಲದವನು. ಅವನಿಗೆ ಆ ಬೊಗಸೆ ತಿಳಿಯಲಿಲ್ಲ. ಆಮ್ರಪಾಲಿ ನೋಡಿದಳು. ಅವಳಿಗೂ ಹೀಗೆಯೇ ಬೊಗಸೆ ಒಡ್ಡಿ ನೀರು ಕುಡಿದ ಒಬ್ಬ ಅಜ್ಜಿ ಇದ್ದಳು. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಗುಂಡಮ್ಮ ತನ್ನ ಕೈಯನ್ನು ನೋಡಿದಳು. ಅದು ಎಲ್ಲಿತ್ತೋ ಅಲ್ಲಿ ನೋಡಿದಳು. ಅದು ದಾಸೋಹದ ಕೈಯಾಗಿರಲಿಲ್ಲ. ಬಾವಿಕಟ್ಟೆಯ ಮೇಲೆ ನಿಂತ ಹುಡುಗಿಯದು. ಇಷ್ಟು ವರ್ಷ ಅಲ್ಲಿಯೇ ನಿಂತುಬಿಟ್ಟಿತ್ತು, ಇಳಿ ಎಂದು ಯಾರೂ ಹೇಳಿರಲಿಲ್ಲ.

ಅವಳು ಚರಗಿಯನ್ನು ಕೆಳಗಿಟ್ಟಳು. ಕಾಲಿನಿಂದ ಸ್ಟೂಲು ಎಳೆದು ಕೂತಳು. ಶಾಲುಬಾಯಿಯ ಮುಖವೂ ತನ್ನ ಮುಖವೂ ಒಂದೇ ಸಮಕ್ಕೆ ಬಂದವು. ಸಿರಿಂಜು ಹಿಡಿದ ಎಡಗೈ ಇಳಿಯಿತು, ಇಳಿಯಿತು, ದಿನವೂ ಲಿಂಗ ಹಿಡಿದು ಕೂರುವ ತಾವಿಗೆ ಬಂದು, ಎದೆಯ ಮುಂದೆ ನಿಂತಿತು. ಬಲಗೈಯಿಂದ ಚರಗಿ ಬಗ್ಗಿಸಿ, ಬೆರಳು ಸಡಿಲಿಸಿ ನೀರು ಬಿಟ್ಟಳು. ಆಮೇಲೆ ಗಂಜಿ. ಕೊಳವೆಯೊಳಗೆ ಅದು ಎಳೆಯ ಚಂದ್ರ ಕರಗುವ ಹಾಗೆ ಇಳಿಯುತ್ತಿತ್ತು. ಶಾಲುಬಾಯಿಯ ಬೊಗಸೆ ತಾನಾಗಿಯೇ ಬಿಚ್ಚಿ ಮಡಿಲಿಗೆ ಇಳಿಯಿತು. ಕೆಮ್ಮು ಬರಲಿಲ್ಲ. ಬಿಸಿಲು ಹಾಸಿಗೆಯ ಮೇಲೆ ಇನ್ನಷ್ಟು ಮುಂದೆ ನಡೆದಿತ್ತು.

"ಮಾಶಾ ಅಲ್ಲಾ," ಎಂದು ಉಸಿರು ಬಿಟ್ಟಳು ಖತೀಜಾ. "ಹಗ್ಗ ಇಲ್ಲದಽ ನಿಂತಿತ್ರಿ ಕೈ!"

"ಇನ್ನ ಮ್ಯಾಲ ಈ ಹಾಸಿಗಿ ನಿಮ್ಮದು, ಗುಂಡಮ್ಮನೋರ," ಎಂದಳು ಆಮ್ರಪಾಲಿ. "ಕಡೀಕ ನೀರು ಬಿಟ್ಟು ಮುಗಸ್ರಿ."

ಮಾಣಿಕ ಬಟ್ಟೆಯ ಗಂಟನ್ನು ಮಂಚದ ಕೆಳಗೆ ಸರಿಸಿದ.

ಗುಂಡಮ್ಮ ಕುದಿಸಿ ಆರಿಸಿದ ನೀರನ್ನು ಚರಗಿಯಲ್ಲಿ ಅಳತೆಗೆ ತಕ್ಕಷ್ಟು ತೆಗೆದುಕೊಂಡಳು. ಬಗ್ಗಿಸಲಿಲ್ಲ. ಶಾಲುಬಾಯಿಯ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅಂಗೈಯಲ್ಲಿ ಚರಗಿಯನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು.

"ಅವ್ವನ ಕೈ ನಡಗ್ತದ್ರಿ, ಚೆಲ್ತಾಳ," ಎಂದ ಮಾಣಿಕ.

"ಚೆಲ್ಲಲಿ ಬಿಡೋ ತಮ್ಮಾ."

ಶಾಲುಬಾಯಿ ಚರಗಿಯನ್ನು ನೋಡಿದಳು. ಗುಂಡಮ್ಮ ಕೊಳವೆಯನ್ನು ಹತ್ತಿರ ಹಿಡಿದಳು. ಚರಗಿ ಬಾಗಿತು, ಸ್ವಲ್ಪ ನೀರು ಗುಂಡಮ್ಮನ ಮುಂಗೈಯ ಮೇಲೆ ಸಿಡಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಉಳಿದದ್ದು ಕೊಳವೆಯೊಳಗೆ ಸೇರಿ, ನಳಿಗೆಗುಂಟ, ಯಾವ ಅವಸರವೂ ಇಲ್ಲದೆ ನಡೆದು ಹೋಯಿತು.

ಶಾಲುಬಾಯಿಯ ತುಟಿ ಅಲುಗಿತು. ದನಿ ಬಾವಿಯ ತಳದಿಂದ ಹಗ್ಗ ಹಿಡಿದು ಬಂದಂತೆ ಬಂತು.

"ಕುಂತಾಕಿ..."

ಮಾಣಿಕ ಎದ್ದು ನಿಂತ. ತಾಯಿ ಮಾತೆತ್ತಿ ಎಷ್ಟೋ ದಿನವಾಗಿತ್ತು. ಗುಂಡಮ್ಮ ಮುಂದೆ ಬಾಗಿದಳು.

"ಹೂಂ ಅಕ್ಕಾ. ಸುರಂಗದ ಬಾಯಿಗಿ. ಯಾರು?"

"ಮತ್ತೊಬ್ಬಾಕಿ... ಹುಡುಗಿ." ಒಂದೊಂದು ಮಾತಿಗೂ ಉಸಿರು ಬೇಕಿತ್ತು. "ಕೈಯಾಗ... ಚರಗಿ."

ಅಷ್ಟು ಹೇಳಿ, ಖಾಲಿ ಚರಗಿಯನ್ನು ಮೆಲ್ಲಗೆ ಗುಂಡಮ್ಮನ ಕೈಯೊಳಗೆ ಇಟ್ಟಳು.